ಕರಿಯವ್ವನಿಗೆ ಕೊಟ್ಟ ಹುಕುಂ

ಜೊಯಿಡಾ ತಾಲೂಕು, ಕಾಡಿನ ಶಿಬಿರ
೬ ಅಕ್ಟೋಬರ್ ೨೦೨೪

ಅಂಬರೀನ,

ನನ್ನ ನಂಬರನ್ನು ನೀನು ಬ್ಲಾಕ್ ಮಾಡಿರುವುದು ಗೊತ್ತು. ಮಾಡದಿದ್ದರೂ ಇಲ್ಲಿಂದ ಫೋನು ಹತ್ತುವುದಿಲ್ಲ. ಮುಕ್ಕಾಲು ತಾಸು ಗುಡ್ಡ ಹತ್ತಿದರೆ ಒಂದು ಕಡ್ಡಿ ನೆಟ್‌ವರ್ಕ್ ಬರುತ್ತದೆ, ಅದೂ ಮೋಡವಿಲ್ಲದ ದಿನ. ಹಾಗಾಗಿ ಪತ್ರ. ವಾರಕ್ಕೊಮ್ಮೆ ಅಕ್ಕಿ ಬೇಳೆ ತರುವ ಜೀಪು ಇದನ್ನು ಜೊಯಿಡಾದ ಅಂಚೆಗೆ ಹಾಕುತ್ತದೆ.

ನಿನ್ನ ಕ್ಷೇಮ ಕೇಳುವ ಹಕ್ಕು ನನಗಿಲ್ಲ ಎಂದು ನೀನು ಅಂದುಕೊಂಡಿರಬಹುದು. ಕೇಳುತ್ತಿಲ್ಲ. ನನಗೆ ನಿಯಮದ ಬಗ್ಗೆ ಒಂದು ಪ್ರಶ್ನೆ ಇದೆ. ನಿಯಮ ಕೇಳಿದವರಿಗೆ ಉತ್ತರ ಕೊಡದೆ ಇರುವುದು ನಿನ್ನಿಂದ ಆಗದ ಕೆಲಸ.

ಇಲ್ಲಿ ನನ್ನ ಕೈಗೆ ಒಂದು ನಾಯಿ ಕೊಟ್ಟಿದ್ದಾರೆ. ತಾರಾ. ಜರ್ಮನ್ ಶೆಫರ್ಡ್ ಹೆಣ್ಣು, ಆರು ವರ್ಷ. ಕಳ್ಳಬೇಟೆಯವರು ಇಟ್ಟ ಉರುಲು, ಬಚ್ಚಿಟ್ಟ ಮಾಂಸ, ಎಲ್ಲಿದ್ದರೂ ಮೂಸಿ ಹುಡುಕುವಂತೆ ಅವಳನ್ನು ಪಳಗಿಸಿದ್ದಾರೆ. ಐದು ವರ್ಷ ಅವಳನ್ನು ನೋಡಿಕೊಂಡ ಗಾರ್ಡ್ ಅಂದಾನೆಪ್ಪ ಆಗಸ್ಟಿನಲ್ಲಿ ನಿವೃತ್ತರಾಗಿ ಹಳಿಯಾಳದ ಕಡೆ ತಮ್ಮ ಊರಿಗೆ ಹೋದರು. ನನಗೆ ಒಂದಿಷ್ಟು ತರಬೇತಿ ಕೊಟ್ಟು ಹಗ್ಗ ಕೈಗಿಟ್ಟರು. ‘ಕೂಡು’ ಅಂದರೆ ತಾರಾ ಕೂಡುತ್ತಾಳೆ. ‘ಹುಡುಕು’ ಅಂದರೆ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಶಿಬಿರದ ಗೇಟಿಗೆ ಹೋಗಿ, ಅಂದಾನೆಪ್ಪ ಹೋದ ದಾರಿಯ ಕಡೆ ಮುಖ ಮಾಡಿ ಕೂಡುತ್ತಾಳೆ.

ನಮ್ಮ ಆಟದ ಬಗ್ಗೆ ಇಲ್ಲಿನ ವಾಚರ್ ಜ್ಯೋತಿಬಾ ಅವರಿಗೆ ಹೇಳಿದೆ. ದಾಂಡೇಲಿಯಲ್ಲಿ ನನ್ನ ಗೆಳತಿಯ ಗ್ಯಾರೇಜಿನ ಮಾಳಿಗೆಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಮೂವರು ಕೂಡುತ್ತಿದ್ದೆವು, ಗೆಳತಿ ಕಥೆ ಹೇಳುತ್ತಿದ್ದಳು, ನಾನೂ ಪುಂಡಲೀಕ ಎಂಬವನೂ ಆ ಕಥೆಯೊಳಗಿನ ಮನುಷ್ಯರಾಗಿ ಏನು ಮಾಡಬೇಕೆಂದು ನಿರ್ಧರಿಸುತ್ತಿದ್ದೆವು, ಗೆದ್ದೆವೋ ಸೋತೆವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತಿತ್ತು, ನನ್ನ ಜೊತೆಗೆ ಒಂದು ಕರಡಿ ಇತ್ತು ಎಂದೆಲ್ಲ ವಿವರಿಸಿದೆ. ಅವರು ಎಲ್ಲ ಕೇಳಿ, “ಅಂದ್ರ, ಇಷ್ಟು ದೊಡ್ಡವ್ರಾಗಿ ಕುಂತು ಕರಡಿ ಆಟ ಆಡ್ತಿದ್ರಿ?” ಅಂದರು. ಹೌದು ಅಂದೆ. ಮೂರು ವರ್ಷ.

ಪ್ರಶ್ನೆ ಇಷ್ಟು. ಹುಕುಂ ಕೊಟ್ಟಿದ್ದೇನೆ. ಪ್ರಾಣಿಗೆ ಅರ್ಥವಾಗಿದೆ. ಆದರೂ ಅದು ಮಾಡುತ್ತಿಲ್ಲ. ಆಗ ಏನು ಮಾಡಬೇಕು?

ಶೈಲಾ


ಅಂಬೇವಾಡಿ, ದಾಂಡೇಲಿ
೨೦ ಅಕ್ಟೋಬರ್ ೨೦೨೪

ಶೈಲಾ ಪರಸಪ್ಪ ಅವರಿಗೆ,

ನಿಯಮ ಕೇಳಿದ್ದೀಯ, ಹೇಳುತ್ತೇನೆ.

ಸಾಧಾರಣ ಪ್ರಾಣಿಗೆ ಆರು ಮಾತು ಕಲಿಸಬಹುದು. ಬಾ, ನಿಲ್ಲು, ಹುಡುಕು, ಹಿಡಿ, ಬಿಡು, ಕಾಯಿ. ಹುಕುಂ ಕೊಟ್ಟು ದಾಳ ಉರುಳಿಸಬೇಕು. ಹತ್ತರ ಮೇಲೆ ಬಿದ್ದರೆ ಅದು ಹೇಳಿದ್ದನ್ನು ಮಾಡುತ್ತದೆ. ಇದು ಆಟದ ನಿಯಮಗಳ ಝೆರಾಕ್ಸ್ ಪುಸ್ತಕದಲ್ಲೇ ಇದೆ.

ಬುದ್ಧಿ ಬಂದ ಪ್ರಾಣಿಯ ನಿಯಮ ಬೇರೆ. ಅದನ್ನು ನಾನು ಬರೆದೆ, ನಿನ್ನ ಕರಡಿ ಕರಿಯವ್ವ ಬುಗ್ಗೆಯ ನೀರು ಕುಡಿದು ಮಾತು ಕಲಿತ ಭಾನುವಾರ. ಆಮೇಲೆ ಆಟಗಾರ ಅದನ್ನು ಆಡಿಸುವಂತಿಲ್ಲ. ಅದರ ಪರವಾಗಿ ಮಾತಾಡುವವಳು ಕಥೆ ಹೇಳುವವಳು, ಅಂದರೆ ನಾನು. ಅದಕ್ಕೆ ಹೇಳಬಹುದು, ಕೇಳಬಹುದು, ಕಾಡಿಬೇಡಬಹುದು. ಅದು ಒಲ್ಲೆ ಎನ್ನಬಹುದು. ಅದು ಮೀರಲಾಗದಂಥ ಹುಕುಂ ಇಡೀ ಆಟದಲ್ಲಿ ಒಂದೇ ಒಂದು. ನಿನ್ನದನ್ನು ನೀನು ಸೇತುವೆಯ ಮೇಲೆ ಖರ್ಚು ಮಾಡಿದ್ದೀಯ.

ನಿನ್ನ ನಾಯಿಗೆ ಬುದ್ಧಿ ಇದೆ ಎಂಬುದು ನಿನ್ನ ಪತ್ರದಿಂದಲೇ ತಿಳಿಯುತ್ತದೆ. ಎರಡನೆಯ ನಿಯಮ ನೋಡಿಕೋ.

ನಿಯಮ ಮುಗಿಯಿತು. ಇನ್ನೊಂದು ಮಾತು. ನಿನಗೆ ಅರಣ್ಯ ಇಲಾಖೆಯ ನೌಕರಿ ಸಿಕ್ಕ ಸುದ್ದಿಯನ್ನು ನನಗೆ ಹೇಳಿದವನು ಪುಂಡಲೀಕ. ನೀನು ಹೋಗಿ ನಾಲ್ಕು ದಿನವಾಗಿತ್ತು. ನಾನು ಶಾಲೆಗೆ ಹೊರಟು ಬಸ್ ಸ್ಟ್ಯಾಂಡಿನಲ್ಲಿ ಹಳಿಯಾಳದ ಬಸ್ಸಿಗೆ ನಿಂತಿದ್ದೆ. “ಶೈಲಾ ಹೋದ್ಲಲ್ಲ, ಸುಖವಾಗಿ ಮುಟ್ಟಿದ್ಲಂತೇನು?” ಅಂದ. “ಹೂಂ, ಮುಟ್ಟ್ಯಾಳ,” ಅಂದೆ. ಎಲ್ಲಿಗೆ ಎಂಬುದು ನನಗೆ ಗೊತ್ತಿರಲಿಲ್ಲ.

ಅಂಬರೀನ ಮನ್ಸೂರ
ಅತಿಥಿ ಶಿಕ್ಷಕಿ


ಕಾಡಿನ ಶಿಬಿರ
೧೦ ನವೆಂಬರ್ ೨೦೨೪

ಅಂಬರೀನ,

‘ಅತಿಥಿ ಶಿಕ್ಷಕಿ’ ಎಂದು ಸಹಿ ಹಾಕಿದ್ದೀಯಲ್ಲ, ಓದಿ ನಗು ಬಂತು, ಆಮೇಲೆ ಬರಲಿಲ್ಲ.

ಎರಡನೆಯ ನಿಯಮದಂತೆ ನಡೆಯುತ್ತಿದ್ದೇನೆ. ಹುಕುಂ ಬಿಟ್ಟೆ. ಬೆಳಿಗ್ಗೆ ಚಹಾದ ಲೋಟ ಹಿಡಿದುಕೊಂಡು ಗೇಟಿಗೆ ಹೋಗಿ ತಾರಾಳ ಪಕ್ಕದಲ್ಲಿ ಕೂಡುತ್ತೇನೆ. ಮೊದಲ ವಾರ ಅವಳು ಎದ್ದು ಎರಡು ಮಾರು ದೂರ ಹೋಗಿ ಕೂತಳು. ನಾನು ಅಲ್ಲಿಗೆ ಹೋಗಲಿಲ್ಲ. ಇದ್ದಲ್ಲೇ ಕೂತು ಮಾತಾಡಿದೆ. ಏನು ಮಾತಾಡುವುದು? ಪೇಪರ್ ಮಿಲ್ಲಿನ ಸೈರನ್ನು, ನಮ್ಮ ಅಪ್ಪನ ಪಾಳಿ, ನಿಮ್ಮ ಅಮ್ಮಿ ಮಾಡುವ ಖೀಮಾ ಸಮೋಸ, ಬಾಯಿಗೆ ಬಂದದ್ದು. ಜ್ಯೋತಿಬಾ ಅಡುಗೆಮನೆಯಿಂದ ನೋಡಿ, “ಮ್ಯಾಡಮ್ಮಾರ, ನಾಯಿಗೆ ನಿಮ್ಮ ದಾಂಡೇಲಿ ಎಲ್ಲಾ ಗೊತ್ತಾತು, ಇನ್ನ ಒಂದು ಮನಿ ಹಿಡಿದು ಕೊಟ್ಟುಬಿಡ್ರಿ,” ಅಂದರು.

ನಿನ್ನೆ ತಾರಾ ಒಂದು ಮಾರು ಹತ್ತಿರ ಬಂದು ಕೂತಳು. ದಾರಿಯ ಕಡೆಯೇ ನೋಡುತ್ತಿದ್ದಳು. ಆದರೆ ನಾನು ಮಾತು ನಿಲ್ಲಿಸಿದಾಗ ಕಿವಿ ನನ್ನ ಕಡೆ ತಿರುಗಿತು.

ಮಾತಾಡುವಾಗ ನನಗೆ ಹೊಳೆದದ್ದು ಒಂದಿದೆ. ಕರಿಯವ್ವನ ದನಿಯಲ್ಲಿ ನೀನು ಎಷ್ಟು ಕೇಳುತ್ತಿದ್ದೆ! ಗಂಟಲು ಒರಟು ಮಾಡಿಕೊಂಡು, “ಯಾಕ ಸಪ್ಪಗದಿ? ಯಾರರ ಏನರ ಅಂದ್ರೇನ?” ಅನ್ನುತ್ತಿದ್ದೆ. ಅಂಬರೀನಳಾಗಿ ನೀನು ಅದನ್ನು ಎಂದೂ ಕೇಳಿದವಳಲ್ಲ. ನಾನೂ ಕರಡಿಗೆ ಹೇಳಿದ್ದನ್ನು ನಿನಗೆ ಹೇಳಿದವಳಲ್ಲ. ಅಪ್ಪ ಕುಡಿಯಲು ಶುರು ಮಾಡಿದ ವರ್ಷ ಅದು ಗೊತ್ತಿದ್ದದ್ದು ಕರಿಯವ್ವನಿಗೆ ಮಾತ್ರ. ಪುಂಡಲೀಕ ಎದುರಿಗೇ ಕೂತು ಅದನ್ನು ಆಟವೆಂದೇ ತಿಳಿದ.

ಕರಿಯವ್ವ ಹೇಗಿದ್ದಾಳೆ? ಆ ಕೊನೆಯ ಭಾನುವಾರದ ನಂತರ ಅವಳಿಗೆ ಏನಾಯಿತು ಎಂದು ನೀನು ಬರೆದಿಟ್ಟಿದ್ದೀಯಾ?

ಶೈಲಾ


ಕಾಡಿನ ಶಿಬಿರ
೮ ಡಿಸೆಂಬರ್ ೨೦೨೪

ಅಂಬರೀನ,

ಉತ್ತರ ಬರಲಿಲ್ಲ. ಜೀಪು ಬಂದಾಗಲೆಲ್ಲ ತಾರಾಳೂ ನಾನೂ ಜೊತೆಗೇ ಏಳುತ್ತೇವೆ. ಅವಳು ಇಳಿಯುವವರ ಕಾಲುಗಳನ್ನು ನೋಡುತ್ತಾಳೆ, ನಾನು ಡ್ರೈವರನ ಕೈ ನೋಡುತ್ತೇನೆ. ಚೀಲಗಳನ್ನು ಇಳಿಸಿ ಜೀಪು ಹೊರಟ ಮೇಲೆ ಇಬ್ಬರೂ ಒಳಗೆ ಬರುತ್ತೇವೆ.

ಈಚೆಗೆ ಅವಳು ನನ್ನ ಕೈಯಿಂದ ರೊಟ್ಟಿ ತಿನ್ನುತ್ತಾಳೆ. ಇದನ್ನು ಯಾರಿಗಾದರೂ ಹೇಳಬೇಕಿತ್ತು.

ಶೈಲಾ


ಅಂಬೇವಾಡಿ
೨೯ ಡಿಸೆಂಬರ್ ೨೦೨೪

ಶೈಲಾ,

ಉತ್ತರ ಮೂರು ಸಲ ಬರೆದು ಹರಿದೆ. ಮೊದಲನೆಯದರಲ್ಲಿ ಬೈಗುಳ ಹೆಚ್ಚಾಯಿತು. ಎರಡನೆಯದರಲ್ಲಿ ಬೈಗುಳವೇ ಇರಲಿಲ್ಲ, ಅದು ಇನ್ನೂ ಕೆಟ್ಟದ್ದಾಗಿತ್ತು. ಮೂರನೆಯದು ನೆನಪಿಲ್ಲ.

ನಿಮ್ಮವ್ವ ಗೋದು ಮಾವಶಿ ಮೊನ್ನೆ ಎಳ್ಳುಂಡೆ ತಂದುಕೊಟ್ಟರು. “ನಿನಗ ಪತ್ರ ಬರಿತಾಳಂತಲ್ಲವಾ ನಮ್ಮಾಕಿ? ನನಗ ಗುಡ್ಡ ಹತ್ತಿ ಎರಡು ಮಿನಿಟು ಮಾತಾಡಿ ಇಡ್ತಾಳ. ಏನ್ ಬರಿತಾಳ?” ಎಂದು ಕೇಳಿದರು. ನಾಯಿಯ ಬಗ್ಗೆ ಬರೆಯುತ್ತಾಳೆ ಅಂದೆ. ಬಾಗಿಲ ತನಕ ಹೋಗಿ ತಿರುಗಿ, “ನೀವಿಬ್ಬರೂ ಜಗಳಾಡೀರೇನು?” ಅಂದರು. ಇಲ್ಲ ಅಂದೆ. ಜಗಳವೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು.

ಫೈಜಾನನಿಗೆ ಮಾಳಿಗೆ ಬೇಕಂತೆ, ಟೈರು ಇಡಲು. ಅಣ್ಣನಿಗೆ ಇಲ್ಲ ಅನ್ನಲು ನನ್ನ ಹತ್ತಿರ ಕಾರಣ ಇರಲಿಲ್ಲ. ನಾವು ಅಲ್ಲಿ ಕೂತು ಏಳು ತಿಂಗಳಾಯಿತು. ಪುಂಡಲೀಕ ಮಿಲ್ಲಿನ ಇಬ್ಬರು ಗೆಳೆಯರನ್ನು ಕರೆತರುತ್ತೇನೆ, ಹೊಸ ಆಟ ಶುರು ಮಾಡೋಣ ಅಂದ. ನಾನು ಒಪ್ಪಲಿಲ್ಲ. ನಕಾಶೆಗಳನ್ನೂ ದಾಳಗಳನ್ನೂ ಬಿಸ್ಕತ್ತಿನ ಡಬ್ಬಿಗೆ ತುಂಬಿ ಕೆಳಗೆ ತಂದೆ. ದೊಡ್ಡ ನೋಟುಬುಕ್ಕು ತೆರೆದರೆ ನಮ್ಮ ಆಟ ನಿಂತ ಪುಟ ಸಿಕ್ಕಿತು.

ಕರಿಯವ್ವ ಹೇಗಿದ್ದಾಳೆ ಎಂದು ನೀನು ಕೇಳಿದ್ದೆ. ಸೇತುವೆಯ ಮೇಲೆ ನಿಂತಿದ್ದಾಳೆ. ನೀವಿಬ್ಬರೂ ನದಿ ದಾಟಿ ಕೋಟೆಯ ಕಡೆ ಹೋಗುವಾಗ ಅವಳು, “ನಾನೂ ಬರ್ತೇನಿ,” ಅಂದಳು. “ಬ್ಯಾಡ, ಇಲ್ಲೇ ಕಾಯಿ. ಇದು ಹುಕುಂ,” ಅಂದೆ ನೀನು. ಪುಂಡಲೀಕ ಕೂಡ ಬೆಚ್ಚಿಬಿದ್ದ. ಕಾಯುವುದು ಅಂದರೆ ಸೇತುವೆಯನ್ನೋ, ನಿನ್ನನ್ನೋ ಎಂದು ಕರಿಯವ್ವ ಕೇಳಿದಳು. ನೀನು ಆಗಲೇ ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಇಳಿಯುತ್ತಿದ್ದೆ. ನನ್ನ ಬರಹ ಅಲ್ಲಿಗೆ ನಿಂತಿದೆ. ಮುಂದೆ ಒಂದು ಅಕ್ಷರ ಇಲ್ಲ.

ನಾಯಿ ರೊಟ್ಟಿ ತಿಂದದ್ದು ಒಳ್ಳೆಯದಾಯಿತು.

ಅಂಬರೀನ


ಕಾಡಿನ ಶಿಬಿರ
೯ ಫೆಬ್ರವರಿ ೨೦೨೫

ಅಂಬರೀನ,

ಇದನ್ನು ನಿನಗಲ್ಲದೆ ಬೇರೆ ಯಾರಿಗೂ ಬರೆಯಲಾರೆ.

ಜನವರಿಯಿಂದ ತಾರಾ ನನ್ನ ಜೊತೆ ಕೆಲಸಕ್ಕೆ ಬರುತ್ತಿದ್ದಳು. ‘ಹುಡುಕೂಣೇನು?’ ಎಂದು ಕೇಳಿದರೆ ಬಾಲ ಆಡಿಸಿ ಏಳುತ್ತಿದ್ದಳು. ಮೂರು ವಾರದಲ್ಲಿ ನಾಲ್ಕು ಉರುಲು ಹಿಡಿದುಕೊಟ್ಟಳು. ಉರುಲು ಕಂಡರೆ ಬೊಗಳುವುದು ಅವಳಿಗೆ ಕಲಿಸಿದ ಪಾಠ. ಪ್ರತಿ ಸಲವೂ ಎರಡು ಬಾರಿ ಬೊಗಳಿ ನಿಲ್ಲುತ್ತಿದ್ದಳು.

ಕಳೆದ ತಿಂಗಳ ಕೊನೆಗೆ ಮೇಲಿನವರು ತಪಾಸಣೆಗೆ ಬಂದರು. ನಮ್ಮ ಶಿಬಿರದ ಅಧಿಕಾರಿ ಬಸಲಿಂಗಯ್ಯ ಸಾಹೇಬರು ಅವರನ್ನು ಹಳ್ಳದ ದಾರಿಯಲ್ಲಿ ಕರೆದೊಯ್ದರು. ಮುಂದೆ ತಾರಾ, ಹಿಂದೆ ನಾನು, ನನ್ನ ಬೆನ್ನಿಗೆ ಐದಾರು ಜನ. ಬಿದಿರು ಮೆಳೆ ದಾಟುವಾಗ ತಾರಾ ಒಮ್ಮೆಲೇ ತಿರುಗಿ ನನ್ನ ಕಾಲಿಗೆ ಅಡ್ಡವಾಗಿ ಕೂತುಬಿಟ್ಟಳು. ಬೊಗಳಲಿಲ್ಲ. ‘ನಡಿ’ ಅಂದೆ. ಏಳಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. ಹಿಂದಿನಿಂದ ಯಾರೋ, “ಏನಾತ್ರಿ, ನಿಮ್ಮ ನಾಯಿ ಮಾತು ಕೇಳೂದಿಲ್ಲೇನು?” ಅಂದು ನಕ್ಕರು. ಹಳೆಯ ಮುನಿಸು ಮತ್ತೆ ಶುರುವಾಯಿತು ಅಂದುಕೊಂಡೆ. ಅಷ್ಟು ಜನರ ಮುಂದೆ ನನಗೆ ನಾಚಿಕೆಯಾಯಿತು. ಹಗ್ಗ ಗಿಡ್ಡ ಹಿಡಿದು, “ಮುಂದ ನಡಿ!” ಎಂದು ಜಗ್ಗಿದೆ.

ಅವಳು ಎದ್ದಳು. ತಿರುಗಿದಳು. ಎರಡೇ ಹೆಜ್ಜೆ ಇಟ್ಟಳು.

ಹಂದಿಗೆ ಇಟ್ಟ ಉರುಲು. ಬೈಕಿನ ಕ್ಲಚ್ ವೈರು, ನಿಮ್ಮ ಗ್ಯಾರೇಜಿನಲ್ಲಿ ಮೊಳೆಗೆ ನೇತು ಹಾಕಿರುತ್ತಾರಲ್ಲ, ಅಂಥದ್ದು. ಬಲ ಮುಂಗಾಲಿಗೆ ಬಿತ್ತು. ಅವಳು ಜಗ್ಗಿದಷ್ಟೂ ಒಳಗೆ ಇಳಿಯಿತು. ಜ್ಯೋತಿಬಾ ಓಡಿಬಂದು ಇಕ್ಕಳದಿಂದ ಕತ್ತರಿಸುವ ತನಕ ನಾನು ಅವಳನ್ನು ಅವಚಿಕೊಂಡು ನೆಲಕ್ಕೆ ಒತ್ತಿ ಹಿಡಿದಿದ್ದೆ. ಅಷ್ಟು ನೋವಿನಲ್ಲೂ ಅವಳು ನನ್ನ ಕೈ ಕಚ್ಚಲಿಲ್ಲ. ಬಾಯೊಳಗೆ ಹಿಡಿದಳು, ಹಲ್ಲು ಊರಲಿಲ್ಲ.

ಕಾಲು ಉಳಿದಿದೆ. ಎರಡು ಬೆರಳು ಹೋದವು. ಸ್ನಾಯು ಕಡಿದಿದೆ, ಇನ್ನು ಅವಳು ಕುಂಟುತ್ತಾಳೆ, ಕಾಡಿನ ಕೆಲಸಕ್ಕೆ ಬರುವುದಿಲ್ಲ ಎಂದು ಪಶುವೈದ್ಯರು ಬರೆದುಕೊಟ್ಟರು. ವರದಿಯಲ್ಲಿ ‘ಕರ್ತವ್ಯದ ವೇಳೆ ಗಾಯ’ ಎಂದಿದೆ. ನಾನು ಹಗ್ಗ ಜಗ್ಗಿದ್ದು ಅದರಲ್ಲಿ ಇಲ್ಲ. ಬಸಲಿಂಗಯ್ಯ ಸಾಹೇಬರಿಗೆ ನಾನೇ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ನಾವೂ ಹಿಂದ ನಿಂತಿದ್ವಲ್ಲವಾ, ಯಾರೂ ತಡಿಲಿಲ್ಲ,” ಅಂದರು.

ಅಂಬರೀನ, ಹುಕುಂ ಕೊಟ್ಟ ಆ ಭಾನುವಾರದ ಹೊತ್ತಿಗೆ ನನಗೆ ನೌಕರಿಯ ಆದೇಶ ಬಂದು ಇಪ್ಪತ್ತು ದಿನ ಆಗಿತ್ತು. ಹೇಳಬೇಕೆಂದು ಮೂರು ಭಾನುವಾರ ಬಂದೆ. ಮೊದಲ ಭಾನುವಾರ ನೀನು ಹೊಸ ನಕಾಶೆಗೆ ಬಣ್ಣ ಹಚ್ಚಿ ಖುಷಿಯಲ್ಲಿದ್ದೆ. ಎರಡನೆಯ ಭಾನುವಾರ ಕರಿಯವ್ವ, “ನೀ ಏನೋ ಮುಚ್ಚಿಡಾಕತ್ತಿ,” ಅಂದಳು, ನಾನು ಮಾತು ತೇಲಿಸಿಬಿಟ್ಟೆ. ಮೂರನೆಯ ಭಾನುವಾರ, ಅವಳು ಹಿಂದೆ ಹಿಂದೆ ಬಂದರೆ ನಾನು ದಾಂಡೇಲಿ ಬಿಡುವುದೇ ಇಲ್ಲ ಎಂದು ಅನ್ನಿಸಿತು. ಅದಕ್ಕೆ ಹುಕುಂ ಕೊಟ್ಟೆ. ಆ ದನಿ ನಿನ್ನದು ಎಂಬುದು ಗೊತ್ತಿದ್ದೂ ಕೊಟ್ಟೆ.

ಆ ದನಿಯಲ್ಲಿ ನೀನು ‘ನಾನೂ ಬರ್ತೇನಿ’ ಅಂದದ್ದೂ ಕೇಳಿಸಿತ್ತು. ಆದರೂ ಹಗ್ಗ ಜಗ್ಗಿದೆ.

ಶೈಲಾ


ಅಂಬೇವಾಡಿ
೧೮ ಫೆಬ್ರವರಿ ೨೦೨೫

ಶೈಲಾ,

ಪತ್ರ ಇವತ್ತು ಬಂತು, ಇವತ್ತೇ ಬರೆಯುತ್ತಿದ್ದೇನೆ. ಐದನೆಯ ತರಗತಿಯ ಮಕ್ಕಳ ಪರೀಕ್ಷೆಯ ಕಾಗದ ಪಕ್ಕದಲ್ಲಿ ಹಾಗೇ ಬಿದ್ದಿದೆ.

ನಾಯಿಯ ಸುದ್ದಿ ಅಬ್ಬಾಗೆ ಹೇಳಿದೆ. ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟರು. ಜೀವ ಉಳಿಯಿತೇ ಎಂದು ಕೇಳಿದರು. ಉಳಿಯಿತು ಅಂದೆ. ಹಳೆಯ ಕ್ಲಚ್ ವೈರುಗಳನ್ನು ನಾವು ಗುಜರಿಗೆ ಕೊಡುವುದು ನಿನಗೆ ಗೊತ್ತು. ಇನ್ನು ಮೇಲೆ ಗೇಣುಗೇಣುದ್ದ ತುಂಡು ಮಾಡಿಯೇ ಹೊರಗೆ ಹಾಕಬೇಕೆಂದು ಫೈಜಾನನಿಗೆ ಹೇಳಿದರು. ಫೈಜಾನ ಆಗಲೇ ಇಕ್ಕಳ ಕೈಗೆತ್ತಿಕೊಂಡ.

ನೀನು ಕೆಟ್ಟವಳಲ್ಲ ಎಂದು ನಾನು ಬರೆಯಲಿ ಎಂದು ನೀನು ಕಾಯುತ್ತಿದ್ದರೆ, ಅದು ನಿನಗೆ ಗೊತ್ತಿರುವ ಮಾತು. ನಿನಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ.

ಸೇತುವೆಗೆ ಯಾರೂ ಬರುವವರಿರಲಿಲ್ಲ. ಆ ಭಾನುವಾರಕ್ಕೆ ನಾನು ಸಿದ್ಧ ಮಾಡಿದ್ದ ಪುಟಗಳು ಇಲ್ಲಿವೆ. ಶತ್ರುಗಳೆಲ್ಲ ಕೋಟೆಯ ಒಳಗಿದ್ದರು. ಸೇತುವೆಯ ಹಿಂದೆ ಬರೀ ಕಾಡು, ನೀವು ಬಂದ ದಾರಿ. ಕರಿಯವ್ವನಿಗೆ ಅದು ಮೂಗಿನಿಂದಲೇ ಗೊತ್ತಿತ್ತು. ನೀನು ಒಂದು ಮಾತು ಕೇಳಿದ್ದರೆ, “ಇಲ್ಲಿ ಯಾರೂ ಬರೂದಿಲ್ಲ, ನಡಿ, ಕೂಡಿ ಹೋಗೂಣು,” ಅನ್ನುತ್ತಿದ್ದಳು. ಕೋಟೆಯ ಬಾಗಿಲು ಮುರಿಯಲು ಅವಳೇ ಬೇಕಾಗಿತ್ತು. ಅವಳಿಲ್ಲದೆ ನೀವಿಬ್ಬರೂ ಅಲ್ಲಿ ಉಳಿಯುತ್ತಿರಲಿಲ್ಲ.

ನೀನು ಹೋದ ಸಂಜೆ ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಶೈಲಾಗೆ ಆಟ ತಪ್ಪಿತು, ಮುಂದಿನ ವಾರ ಹೇಗಾದರೂ ಸರಿ ಮಾಡಬೇಕು, ಅವಳ ಪಾತ್ರ ಸಾಯಬಾರದು. ನಾಲ್ಕು ದಿನ ಅದಕ್ಕೊಂದು ದಾರಿ ಹುಡುಕಿದೆ. ಐದು ಪುಟ ಬರೆದೆ. ಆ ಪುಟಗಳು ಚೀಲದಲ್ಲಿದ್ದಾಗಲೇ ಪುಂಡಲೀಕ ಸಿಕ್ಕಿದ್ದು.

ನೌಕರಿ ಸಿಕ್ಕಿತು ಎಂದಿದ್ದರೆ ನಾನು ಅಳುತ್ತಿದ್ದೆ, ನಿಜ. ಅತ್ತು, ಅಮ್ಮಿಯ ಹತ್ತಿರ ಸಮೋಸ ಮಾಡಿಸಿ, ಬಸ್ಸಿನ ತನಕ ಬಂದು ಕಳಿಸುತ್ತಿದ್ದೆ. ಅದನ್ನು ನನಗೆ ಮಾಡಗೊಡಲಿಲ್ಲ ನೀನು. ನನ್ನ ಸಿಟ್ಟು ಇದೊಂದಕ್ಕೇ. ಬರೆದ ಮೇಲೆ ಕಡಿಮೆಯಾದಂತಿದೆ.

ತಾರಾಳ ಕಾಲು ಒಣಗಿತೇ? ಬರೆ.

ಅಂಬರೀನ


ಕಾಡಿನ ಶಿಬಿರ
೧೬ ಮಾರ್ಚ್ ೨೦೨೫

ಅಂಬರೀನ,

ನಿನ್ನ ಪತ್ರ ಎಷ್ಟು ಸಲ ಓದಿದೆನೆಂದು ಹೇಳುವುದಿಲ್ಲ. ರೋಜಾ ನಡೆದಿರಬೇಕು ನಿಮಗೆ. ಬಸ್ಸಿನಲ್ಲಿ ನಿಂತು ಹೋಗಿಬರುವುದು ಈ ಬಿಸಿಲಲ್ಲಿ ಕಷ್ಟ. ಕೂಡಲು ಜಾಗ ಸಿಗಲಿ.

ಗಾಯ ಒಣಗಿದೆ. ತಾರಾ ಮೂರೂವರೆ ಕಾಲಿನಲ್ಲಿ ನಡೆಯುತ್ತಾಳೆ. ಒಂದೂವರೆ ತಿಂಗಳು ನನ್ನ ಮಂಚದ ಪಕ್ಕದಲ್ಲೇ ಮಲಗಿದಳು. ಗೇಟಿಗೆ ಹೋಗುವುದು ಬಿಟ್ಟಿದ್ದಳು, ನೋವಿಗೋ ಬೇಸರಕ್ಕೋ ತಿಳಿಯಲಿಲ್ಲ. ಇಲಾಖೆ ಅವಳಿಗೆ ನಿವೃತ್ತಿ ಕೊಟ್ಟಿತು. ನಿವೃತ್ತಿಯಾದ ನಾಯಿಯನ್ನು ನೋಡಿಕೊಂಡವರು ಮನೆಗೆ ಒಯ್ಯಬಹುದು. ‘ನೀನು ಇಟ್ಟುಕೊಳ್ಳುತ್ತೀಯಾ, ಅಂದಾನೆಪ್ಪನನ್ನು ಕೇಳಲೇ?’ ಎಂದು ಬಸಲಿಂಗಯ್ಯ ಸಾಹೇಬರು ನನ್ನನ್ನೇ ಕೇಳಿದರು. ಎರಡು ದಿನ ತಡೆದು, ಅವರನ್ನು ಕೇಳಿ ಅಂದೆ.

ಅಂದಾನೆಪ್ಪ ಮೊನ್ನೆ ಜೀಪಿನಲ್ಲಿ ಬಂದರು. ತೆಳ್ಳಗಿನ ಮನುಷ್ಯ, ಬಿಳಿ ಟೊಪ್ಪಿಗೆ, ಕೈಯಲ್ಲಿ ರೊಟ್ಟಿಯ ಗಂಟು. ತಾರಾ ಒಳಗೆ ಮಲಗಿದ್ದವಳು ಅವರ ಚಪ್ಪಲಿಯ ಸಪ್ಪಳಕ್ಕೆ ತಲೆ ಎತ್ತಿದಳು. ಆಮೇಲೆ ಅವಳ ಗಂಟಲಿನಿಂದ ಬಂದ ದನಿಯನ್ನು ನಾನು ಈ ಏಳು ತಿಂಗಳಲ್ಲಿ ಒಂದು ಸಲವೂ ಕೇಳಿರಲಿಲ್ಲ. ಕುಂಟುತ್ತ ಓಡಿ ಅಂಗಳದಲ್ಲಿ ಬಿದ್ದಳು, ಎದ್ದಳು, ಮತ್ತೆ ಓಡಿದಳು. ಅವರು ನೆಲಕ್ಕೆ ಕೂತುಬಿಟ್ಟರು. “ನಮ್ಮವ್ವ, ನಮ್ಮವ್ವ, ಏನ್ ಮಾಡ್ಕೊಂಡಿ ಇದು,” ಎಂದು ಕಾಲು ಹಿಡಿದು ನೋಡಿದರು.

ನಾನು ಎಲ್ಲ ಹೇಳಿದೆ. ಹೇಗೆ ಕೂತಳು, ಹೇಗೆ ಜಗ್ಗಿದೆ, ಬಿಡದೆ ಹೇಳಿದೆ. ಅವರು ತಾರಾಳ ಕಿವಿ ತೀಡುತ್ತ ಕೇಳಿದರು. ಕಡೆಗೆ, “ನಾ ನಿಮಗ ಹೇಳಿ ಹೋಗಬೇಕಿತ್ತು,” ಅಂದರು. “ಉರುಲು ದೂರ ಇದ್ರ ಆಕಿ ಬೊಗಳ್ತಾಳ. ಹೆಜ್ಜಿ ಮುಂದನ ಇದ್ರ ಬೊಗಳೂದಿಲ್ರಿ. ನಮ್ಮ ಕಾಲಿಗೆ ಅಡ್ಡ ಕೂಡ್ತಾಳ, ನಾವು ಮುಂದ ಹೋಗಬಾರದಂತ. ಯಾರೂ ಕಲಿಸಿದ್ದಲ್ಲ ಅದು. ಆಕಿನ ಮಾಡ್ಕೊಂಡದ್ದು. ಮನಸಿಗೆ ಹಚ್ಚಿಕೊಂಡವ್ರಿಗೆ ಅಷ್ಟ ಮಾಡ್ತಾಳ.”

ನಾನು ಎದ್ದು ಅಡುಗೆಮನೆಗೆ ಹೋದೆ. ಜ್ಯೋತಿಬಾ ನನ್ನನ್ನು ನೋಡಿ ಹೊರಗೆ ಹೋದರು.

ಹೊರಡುವಾಗ ತಾರಾ ಜೀಪು ಹತ್ತಿ ಅಂದಾನೆಪ್ಪನವರ ಕಾಲ ಬಳಿ ಕೂತಳು. ನಾನು ಕರೆಯಲಿಲ್ಲ. ಕರೆದಿದ್ದರೆ ಇಳಿಯುತ್ತಿದ್ದಳೋ ಏನೋ, ಇಳಿದಿದ್ದರೆ ಅವಳಿಗೆ ಕಷ್ಟ, ಇಳಿಯದಿದ್ದರೆ ನನಗೆ. ತಿರುವಿನಲ್ಲಿ ಒಮ್ಮೆ ತಲೆ ಹೊರಗೆ ಹಾಕಿ ನೋಡಿದಳು.

ಅಂದಾನೆಪ್ಪನವರ ಊರು ಹಳಿಯಾಳದಿಂದ ಮೂರು ಮೈಲಿ. ನಿನ್ನ ಶಾಲೆಗೆ ಹತ್ತಿರ. ವಿಳಾಸ ಹಿಂದಿನ ಪುಟದಲ್ಲಿದೆ. ನಿನಗೆ ನಾಯಿ ಅಂದರೆ ಹೆದರಿಕೆ ಎಂದು ಬಲ್ಲೆ. ನಿನ್ನಿಂದ ಆದರೆ, ಮನಸ್ಸಿದ್ದರೆ, ಒಂದು ಸಲ ನೋಡಿ ಬಂದು ಬರೆಯುತ್ತೀಯಾ? ಒಲ್ಲೆ ಅಂದರೂ ಬರೆ.

ಶೈಲಾ


ಅಂಬೇವಾಡಿ
೧೩ ಏಪ್ರಿಲ್ ೨೦೨೫

ಶೈಲಾ,

ಈದ್ ಮುಗಿಯಿತು, ಶಾಲೆಗೆ ರಜೆ ಬಿತ್ತು. ಇವತ್ತು ಹೋಗಿ ಬಂದೆ.

ಹಳಿಯಾಳದಲ್ಲಿ ಬಸ್ಸು ಬದಲಿಸಿ, ಇಳಿದ ಮೇಲೆ ಇನ್ನೂ ಅರ್ಧ ತಾಸು ನಡೆದೆ. ಕೆಂಪು ಹೆಂಚಿನ ಮನೆ, ಮುಂದೆ ಹುಣಸೆ ಮರ. ನಾನು ಬೇಲಿಯ ಹೊರಗೇ ನಿಂತು ಕೂಗಿದೆ. ಅಂದಾನೆಪ್ಪನವರ ಹೆಂಡತಿ ಶಂಕ್ರವ್ವ ಹೊರಗೆ ಬಂದರು. “ಬರ್ರಿ, ಆಕಿ ಏನೂ ಮಾಡೂದಿಲ್ರಿ,” ಅಂದರು. ಎಲ್ಲ ನಾಯಿಯವರೂ ಹೀಗೆಯೇ ಅನ್ನುತ್ತಾರೆ. ಬ್ಯಾಗನ್ನು ಎದೆಗೆ ಅಡ್ಡ ಹಿಡಿದುಕೊಂಡು, ಶಂಕ್ರವ್ವನ ಬೆನ್ನಿಗೆ ಅಂಟಿಕೊಂಡೇ ಒಳಗೆ ಹೋದೆ. ಇದನ್ನು ನೀನು ಪುಂಡಲೀಕನಿಗೆ ಹೇಳತಕ್ಕದ್ದಲ್ಲ.

ತಾರಾ ಚೆನ್ನಾಗಿದ್ದಾಳೆ. ಮೈ ತುಂಬಿಕೊಂಡಿದ್ದಾಳೆ. ಬೆಳಿಗ್ಗೆ ಅಂದಾನೆಪ್ಪನವರ ಜೊತೆ ಗದ್ದೆಗೆ ಹೋಗಿ, ಬಿಸಿಲೇರಿದ ಮೇಲೆ ಹುಣಸೆಯ ನೆರಳಿಗೆ ಬರುತ್ತಾಳಂತೆ. ನಾನು ಹೋದಾಗ ಅಲ್ಲೇ ಮಲಗಿದ್ದಳು, ಕಣ್ಣು ತೆರೆದು ನೋಡಿ ಮುಚ್ಚಿದಳು. ನನಗೆ ಅಷ್ಟೇ ಸಾಕಿತ್ತು. ಮರದ ಕಟ್ಟೆಯ ಇನ್ನೊಂದು ತುದಿಗೆ ಕೂತು ಶಂಕ್ರವ್ವ ಕೊಟ್ಟ ಮಜ್ಜಿಗೆ ಕುಡಿದೆ.

ಆಮೇಲೆ ಅವಳ ಮೂಗು ಆಡಿತು. ಎದ್ದಳು. ಕುಂಟುತ್ತ ನೇರ ನನ್ನ ಕಡೆ ಬಂದಳು. ನಾನು ಕಾಲು ಮೇಲೆತ್ತಿಕೊಂಡು ಕಣ್ಣು ಮುಚ್ಚಿದೆ. ಅವಳು ನನ್ನನ್ನು ಮುಟ್ಟಲಿಲ್ಲ, ಪಕ್ಕದಲ್ಲಿದ್ದ ಬ್ಯಾಗಿಗೆ ಮೂಗು ಹಚ್ಚಿ ಎಳೆದಳು. “ಏನೈತ್ರಿ ಅದರಾಗ?” ಎಂದು ಅಂದಾನೆಪ್ಪ ಕೇಳಿದರು. “ಶೈಲಾನ ಪತ್ರ,” ಅಂದೆ. ವಿಳಾಸ ಬೇಕಿತ್ತೆಂದು ಒಂದನ್ನು ತೆಗೆದುಕೊಂಡಿದ್ದೆ, ಒಂದು ತೆಗೆಯಲು ಹೋಗಿ ಐದೂ ಬಂದಿದ್ದವು. ಬ್ಯಾಗಿನಿಂದ ತೆಗೆದು ಕಟ್ಟೆಯ ಮೇಲೆ ಇಟ್ಟೆ. ತಾರಾ ಒಂದೊಂದನ್ನೂ ಮೂಸಿದಳು. ಯಾವ ಅವಸರವೂ ಇರಲಿಲ್ಲ. ಆಮೇಲೆ ಅವುಗಳ ಮೇಲೆ ಗದ್ದ ಇಟ್ಟು, ಉದ್ದಕ್ಕೆ ಒಂದು ಉಸಿರು ಬಿಟ್ಟು, ಮಲಗಿಬಿಟ್ಟಳು. ಅವಳ ತಲೆ ನನ್ನ ತೊಡೆಗೆ ತಾಗಿತ್ತು. ಬೆಚ್ಚಗಿತ್ತು.

ನನ್ನ ಬಸ್ಸು ನಾಲ್ಕಕ್ಕೆ ಇತ್ತು. ಅಂದಾನೆಪ್ಪ ಗಡಿಯಾರ ನೋಡಿ, “ಒಂದು ಸಲ ‘ಬಿಡು’ ಅಂದ್ರ ಬಿಡ್ತಾಳ, ಹೇಳ್ಲೇನು?” ಅಂದರು. “ಹೇಳಬ್ಯಾಡ್ರಿ,” ಅಂದೆ.

ನಾಲ್ಕರ ಬಸ್ಸು ಹೋಯಿತು. ನಾವು ಹಾಗೇ ಕೂತಿದ್ದೆವು. ಶಂಕ್ರವ್ವ ಚಹಾ ತಂದರು. ಐದು ಗಂಟೆಯ ಹೊತ್ತಿಗೆ ಅವಳೇ ಎದ್ದು ಮೈ ಕೊಡವಿ ನೀರು ಕುಡಿಯಲು ಹೋದಳು, ನಾನು ಪತ್ರಗಳನ್ನು ಎತ್ತಿಕೊಂಡೆ. ಮನೆಗೆ ಬಂದ ಕೂಡಲೇ ನಾಯಿ ತಾಗಿದ ಬಟ್ಟೆ ಬದಲಿಸಿ, ಒಗೆದು ಹಾಕಿ, ನಮಾಜ್ ಮಾಡಿದೆ. ಎಲ್ಲಿಗೆ ಹೋಗಿದ್ದೆ ಎಂದು ಅಮ್ಮಿ ಕೇಳಿದರು. ಶೈಲಾನ ಕಡೆಯವರನ್ನು ನೋಡಲು ಅಂದೆ.

ಬರುವ ಶನಿವಾರ ಜೊಯಿಡಾದ ಮೊದಲ ಬಸ್ಸು ಹತ್ತುತ್ತೇನೆ. ಅಲ್ಲಿಂದ ನಿಮ್ಮ ಶಿಬಿರಕ್ಕೆ ಹೇಗೆ ಬರುವುದೋ ಗೊತ್ತಿಲ್ಲ, ಕೇಳಿಕೊಂಡು ಬರುತ್ತೇನೆ. ಈ ಪತ್ರಕ್ಕಿಂತ ಮೊದಲೇ ನಾನು ಮುಟ್ಟಿದರೂ ಮುಟ್ಟಬಹುದು. ನೀನು ಬಾ ಎಂದು ಒಂದು ಪತ್ರದಲ್ಲೂ ಬರೆದಿಲ್ಲ. ಐದನ್ನೂ ಮತ್ತೆ ಓದಿ ನೋಡಿದೆ. ಬರೆಯದಿದ್ದದ್ದು ಒಳ್ಳೆಯದೇ ಆಯಿತು. ಹುಕುಂ ಇಲ್ಲದೆ ಬರುತ್ತಿದ್ದೇನೆ.

ನಿನ್ನ
ಅಂಬರೀನ